ಆವಿಯಪ್ಪ ಮಣ್ಣು ಉಳಿಸಿದ್ದು

ಹಿರಿಯ ನರ್ಸಮ್ಮ ಹೊರಗಿನ ಚಪ್ಪಲಿಯಲ್ಲೇ ಶುದ್ಧಿಯ ಕೋಣೆಯೊಳಕ್ಕೆ ಬಂದ ದಿನವೇ ಆವಿಯಪ್ಪನಿಗೆ ಹೆಂಡತಿ ಇನ್ನಿಲ್ಲವೆಂದು ತಿಳಿದದ್ದು. ಆಸ್ಪತ್ರೆಯ ಕತ್ತರಿ, ಚಿಮಟ, ಬಟ್ಟೆಗಳನ್ನೆಲ್ಲ ಆವಿಯಲ್ಲಿ ಬೇಯಿಸಿ ಶುದ್ಧ ಮಾಡುವ ಆ ಕೋಣೆಯಲ್ಲಿ ಅವನು ಮೂವತ್ತೊಂದು ವರ್ಷ ದುಡಿದಿದ್ದ. ಅವನಿಗೆ ಆ ಹೆಸರು ಬಂದದ್ದೂ ಅಲ್ಲಿಂದಲೇ. ಬಾಗಿಲಿನ ಕೆಂಪು ಗೆರೆಯನ್ನು ಚಪ್ಪಲಿ ಬದಲಿಸದೆ ದಾಟಿದವರು ದೊಡ್ಡ ಡಾಕ್ಟರೇ ಆದರೂ ಅವನು ಬಿಡುತ್ತಿರಲಿಲ್ಲ. ಅಂದೂ ಗದರಲು ಬಾಯಿ ತೆರೆದ. ಆಕೆಯ ಮುಖ ಕಂಡು ಕೈಯಲ್ಲಿದ್ದ ಚಿಮಟ ಕೆಳಗಿಟ್ಟ.

"ಅಣ್ಣಾ, ಮೇಲೆ ಬಾ. ಅತ್ತಿಗೇನ ಕರ್ಕೊಂಡು ಬಂದಿದ್ರು. ನಮ್ಮ ಕೈಲಿ ಏನೂ ಆಗ್ಲಿಲ್ಲ."

ಮನೆಯ ಮಹಡಿಯ ಮೇಲೆ ತನ್ನ ಟೊಮೆಟೊ ಕುಂಡಗಳ ನಡುವೆ ಕುಸಿದಿದ್ದಳಂತೆ. ಒಣಗಿದ ಗಿಡವೊಂದು ಬೇರುಸಹಿತ ಕೈಯಲ್ಲೇ ಇತ್ತಂತೆ.

ಆ ಗಿಡದ ಮಾತು ಅವನನ್ನು ಬಿಡದೆ ಕಾಡಿತು. ಆ ವರ್ಷ ಕುಂಡಗಳ ಮಣ್ಣಿಗೆ ಸೊರಗು ರೋಗ ಹೊಕ್ಕಿತ್ತು. ಬೆಳಿಗ್ಗೆ ನೆಟ್ಟಗೆ ನಿಂತ ಗಿಡ ಮಧ್ಯಾಹ್ನದ ಹೊತ್ತಿಗೆ ತಲೆ ಬಗ್ಗಿಸುತ್ತಿತ್ತು. ಎಲೆಗೊಬ್ಬರ, ಮರಳು, ನಾರಿನ ಪುಡಿ ಬೆರೆಸಿ ಹದಿನೆಂಟು ವರ್ಷ ಅವಳು ಹದ ಮಾಡಿದ ಮಣ್ಣು ಅದು. "ಊರವರ ಕತ್ತರೀನೆಲ್ಲ ಶುದ್ಧ ಮಾಡ್ತೀರಿ, ನನ್ನ ಮಣ್ಣು ಅಂದ್ರೆ ಮಾತ್ರ ನಿಮಗೆ ಪುರುಸೊತ್ತಿಲ್ಲ," ಎಂದು ಎಷ್ಟು ಸಲ ಅಂದಿದ್ದಳೋ! ಪ್ರತಿ ಸಲವೂ ಅವನು, "ಭಾನುವಾರ ನೋಡೋಣ" ಎನ್ನುತ್ತಿದ್ದ. ಭಾನುವಾರಗಳು ಬಂದವು, ಹೋದವು. ಕೊನೆಗೆ ಅವಳೂ ಹೋದಳು.

ನಿವೃತ್ತನಾದ ವಾರವೇ ಅವನು ಮಹಡಿ ಹತ್ತಿ, ಕುಂಡಗಳಿಂದ ತೆಗೆದು ಚೀಲಗಳಲ್ಲಿ ತುಂಬಿಟ್ಟಿದ್ದ ಆ ಹನ್ನೆರಡು ಚೀಲ ಮಣ್ಣಿನ ಮುಂದೆ ನಿಂತ.

"ಅಪ್ಪಾ, ಅದು ರೋಗದ ಮಣ್ಣು. ಎಸೆದು ಹೊಸದು ತರೋಣ," ಎಂದಳು ಮಗಳು.

"ನಿಮ್ಮಮ್ಮ ನನ್ನನ್ನ ಹೊಸ ಮಣ್ಣು ಕೇಳ್ಲಿಲ್ಲ ಕಣೇ."

ಮಗಳು ಒಳಗಿನಿಂದ ಮಾತ್ರೆಯ ಪೊಟ್ಟಣವೊಂದನ್ನು ತಂದಳು. "ರೋಗ ಬರೋಕೆ ಮುಂಚೆ ಅಮ್ಮ ಎತ್ತಿಟ್ಟ ಬೀಜ. ಇಷ್ಟೇ ಇರೋದು. ಇವೂ ಸತ್ತುಹೋದ್ರೆ ಅಮ್ಮನ ಟೊಮೆಟೊ ಇನ್ನೆಲ್ಲೂ ಸಿಗಲ್ಲ, ನೋಡಿಕೊಳ್ಳಿ."

ಆವಿಯಪ್ಪನಿಗೆ ತನ್ನ ವಿದ್ಯೆಯ ಮೇಲೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮೊದಲು ಒಂದು ಚೀಲ ಮಣ್ಣನ್ನು ಬಟ್ಟೆಯಲ್ಲಿ ಗಂಟು ಕಟ್ಟಿದ, ದೊಡ್ಡ ಹಂಡೆಯ ತಳಕ್ಕೆ ನೀರು ಹಾಕಿ, ನೀರು ತಾಗದಂತೆ ಅಟ್ಟಣೆಯ ಮೇಲಿಟ್ಟ, ಮುಚ್ಚಳ ಬಿಗಿದು ಎರಡು ಗಂಟೆ ಕುದಿಯುವ ಆವಿ ಕೊಟ್ಟ. ಮನೆಯೆಲ್ಲ ಸುಟ್ಟ ಬೇರಿನ ವಾಸನೆ. ಮಗಳು ಮೂಗು ಮುಚ್ಚಿಕೊಂಡು ಕಿಟಕಿ ತೆರೆದಳು. ಅವನು ಮಾತ್ರ ಯುದ್ಧ ಗೆದ್ದವನಂತೆ ಬೀಜ ಬಿತ್ತಿದ.

ಮೊಳಕೆ ಬಂತು. ಎರಡು ಎಲೆ ಬಿಟ್ಟು ನಿಂತಿತು. ಹಳದಿಯಾಯಿತು. ಒಂದೊಂದಾಗಿ ಎಲ್ಲವೂ ಮಲಗಿದವು. ಪೊಟ್ಟಣದಲ್ಲಿ ಉಳಿದದ್ದು ಹನ್ನೊಂದು ಬೀಜ.

ಅವನು ಒಂದು ಹಿಡಿ ಮಣ್ಣನ್ನು ಕಾಗದದಲ್ಲಿ ಕಟ್ಟಿಕೊಂಡು ಬೀದಿಯ ತುದಿಯ ಗಿಡದಂಗಡಿಗೆ ಹೋದ. ಅಂಗಡಿಯಾಕೆ ಮಣ್ಣನ್ನು ಮೂಸಿ, ಬೆರಳಲ್ಲಿ ತಿಕ್ಕಿ, ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಏನಣ್ಣಾ, ಇದರಲ್ಲಿ ಆಪರೇಷನ್ ಮಾಡ್ತೀರಾ?"

"ಸೊರಗು ರೋಗ ಅಂತ ಎರಡು ಗಂಟೆ ಆವಿ ಕೊಟ್ಟೆ. ಯಾಕೆ ತಂಗಿ?"

"ಕಳ್ಳನ್ನ ಹಿಡೀರಿ ಅಂದ್ರೆ ಬೀದಿಯವರನ್ನೆಲ್ಲ ಕೊಂದು ಬಂದಿದ್ದೀರಿ. ಮಣ್ಣಲ್ಲಿ ಒಳ್ಳೆ ಜೀವಗಳೂ ಇರ್ತಾವೆ. ಅತಿಯಾಗಿ ಬೇಯಿಸಿದ್ರೆ ಅವೂ ಹೋಗ್ತಾವೆ, ಮಣ್ಣು ಬೇರಿಗೆ ವಿಷವೂ ಆಗುತ್ತೆ. ಬೇಯಿಸದೆ ಮಿಕ್ಕ ಮಣ್ಣನ್ನ ಒದ್ದೆ ಮಾಡಿ, ಗೇಣುದ್ದ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಂಚು ಬಿಗಿಯಿರಿ. ಆರು ವಾರ ಬಿಸಿಲಿಗೆ ಬಿಡಿ."

"ಬಿಸಿಲಿಗಾ? ಹೆಚ್ಚಂದ್ರೆ ಐವತ್ತು ಡಿಗ್ರಿ ಬಂದೀತು. ಅದಕ್ಕೆ ಏನು ಸಾಯುತ್ತೆ?"

"ನೀವೇ ಅದರೊಳಗೆ ಆರು ವಾರ ಕೂತು ನೋಡಿ, ಗೊತ್ತಾಗುತ್ತೆ!"

ಆವಿಯಪ್ಪ ನಕ್ಕುಬಿಟ್ಟ. ಹೆಂಡತಿ ಹೋದ ಮೇಲೆ ಅವನು ನಕ್ಕದ್ದು ಅಂದೇ ಮೊದಲು.

ಆಕೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ. ಹಳೆಯ ಬೇರು ಆಯ್ದ, ಜರಡಿ ಹಿಡಿದ, ಹಿಡಿದರೆ ಮುದ್ದೆ ಕಟ್ಟುವಷ್ಟು ನೀರು ಚಿಮುಕಿಸಿದ, ಹೊದಿಸಿದ. ತನ್ನ ಕಡೆಯಿಂದ ಒಂದನ್ನು ಸೇರಿಸಿದ. ಮಹಡಿಯ ನಡುವೆ ಸೀಮೆಸುಣ್ಣದಿಂದ ಗೆರೆ ಎಳೆದು, ಈಚೆಗೆ ಮೈಲಿಗೆ, ಆಚೆಗೆ ಶುದ್ಧ ಎಂದ. ಎರಡು ಜೊತೆ ಚಪ್ಪಲಿ, ಎರಡು ಸಲಿಕೆ. ಕುಂಡಗಳನ್ನು ಬ್ಲೀಚಿಂಗ್ ನೀರಿನಲ್ಲಿ ನೆನೆಸಿ ಉಜ್ಜಿ ತೊಳೆದ. ಬಟ್ಟೆ ಒಣಹಾಕಲು ಬಂದ ಮಗಳು ಗೆರೆಯ ಮುಂದೆ ಕುಂಟಾಬಿಲ್ಲೆ ಆಡುವವಳಂತೆ ಒಂಟಿಗಾಲಲ್ಲಿ ನಿಂತು, "ದಾಟಬಹುದಾ, ಡಾಕ್ಟ್ರೇ?" ಎಂದು ಅಣಕಿಸಿದಳು.

ಆರು ವಾರದ ಮೇಲೆ ಪ್ಲಾಸ್ಟಿಕ್ ಎತ್ತಿದಾಗ ಸುಟ್ಟ ವಾಸನೆಯಿರಲಿಲ್ಲ. ಅಂಗಡಿಯಾಕೆ ಕೊಟ್ಟ ಎರೆಗೊಬ್ಬರವನ್ನು ಮೂರು ಪಾಲು ಮಣ್ಣಿಗೆ ಒಂದು ಪಾಲಿನಂತೆ ಬೆರೆಸಿದ. ಹನ್ನೊಂದು ಬೀಜವನ್ನೂ ಬಿತ್ತಿದ. ಒಂದು ಮೊಳೆಯಲೇ ಇಲ್ಲ. ಹತ್ತು ಎದ್ದವು, ಮೊಣಕಾಲುದ್ದ ಬೆಳೆದವು, ಹೂ ಬಿಟ್ಟವು.

ರೋಗ ಬಂದು ಹೊಡೆಯುತ್ತಿದ್ದದ್ದು ಆ ಹೂವಿನ ಕಾಲದಲ್ಲೇ. ವರ್ಷದ ಅತಿ ಬಿಸಿಯ ದಿನ ಆವಿಯಪ್ಪ ಹನ್ನೆರಡು ಗಂಟೆಗೆ ಕುರ್ಚಿ ಹಾಕಿಕೊಂಡು ಗಿಡಗಳ ಎದುರು ಕೂತ. ಒಂದು ಗಂಟೆಯಾಯಿತು. ಎರಡಾಯಿತು. ಅವನ ಅಂಗಿ ಬೆವರಿಗೆ ಬೆನ್ನಿಗಂಟಿತು. ಮೂರಕ್ಕೆ ಎದ್ದು ಒಂದೊಂದು ಗಿಡವನ್ನೂ ಮುಟ್ಟಿ ನೋಡಿದ. ಒಂದೇ ಒಂದು ಎಲೆ ಬಾಗಿರಲಿಲ್ಲ.

"ಬಾರೇ! ಬೇಗ ಬಾರೇ!" ಎಂದು ಕೂಗಿದ ರಭಸಕ್ಕೆ ಮಗಳು ಏನಾಯಿತೋ ಎಂದು ಮೆಟ್ಟಿಲು ಹಾರಿಕೊಂಡು ಬಂದಳು.

"ಹತ್ತೂ ನಿಂತಿವೆ! ನೋಡು, ಹತ್ತೂ!"

ಚಪ್ಪಲಿ ಬದಲಿಸದೆ ಗೆರೆ ದಾಟಿ ಬಂದ ಮಗಳು ಅಪ್ಪನನ್ನು ತಬ್ಬಿಕೊಂಡಳು. ಅವನು ಗದರಲಿಲ್ಲ.

ಆಮೇಲೆ ಬಿಟ್ಟ ಹಣ್ಣಿಗೆ ಲೆಕ್ಕವಿಲ್ಲ. ಆಸ್ಪತ್ರೆಗೆ ಎರಡು ಬುಟ್ಟಿ ಹೋಯಿತು. ಗಿಡದಂಗಡಿಯಾಕೆ ನಿಂತಲ್ಲೇ ಒಂದನ್ನು ಕಚ್ಚಿ, ರಸ ಮೊಣಕೈವರೆಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, "ಅಣ್ಣಾ, ನಂಗೂ ಬೀಜ ಬೇಕು," ಎಂದಳು. ಕೊಟ್ಟ. ಬೀದಿಯಲ್ಲಿ ಕೇಳಿದವರಿಗೆಲ್ಲ ಕೊಟ್ಟ.

ಮೊದಲ ಹಣ್ಣನ್ನು ಮಾತ್ರ ಯಾರಿಗೂ ಕೊಟ್ಟಿರಲಿಲ್ಲ. ಅದನ್ನು ಕಿತ್ತ ಬೆಳಿಗ್ಗೆ ಮಿಂದು ಬಂದು, ಬೊಗಸೆಯಲ್ಲಿ ಹಿಡಿದು, ಮಣ್ಣಿನ ಮುಂದೆ ಕಣ್ಣು ಮುಚ್ಚಿದ್ದ.

"ಭಗವಂತಾ, ಅವಳು ಕೇಳಿದ್ದನ್ನ ಮಾಡಿದ್ದೀನಿ. ತಡವಾಯಿತು, ಆ ತಪ್ಪು ನನ್ನದು, ಅದು ಅವಳ ಮನಸ್ಸಲ್ಲಿ ಉಳಿಯದ ಹಾಗೆ ನೋಡಿಕೋ. ದಣಿದು ನಿನ್ನ ಹತ್ತಿರ ಬಂದಿದ್ದಾಳೆ. ನೆರಳಿರುವ ಕಡೆ ಕೂರಿಸು, ತಣ್ಣಗಿಡು. ಅವಳ ಜೀವಕ್ಕೆ ಶಾಂತಿ ಕೊಡು, ತಂದೆ."