ಮೂವರಲ್ಲಿ ಮೂರನೆಯವನು

ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಲಗಮಪ್ಪ ಮಾಸ್ತರರ ಕಣ್ಣಿಗೆ ಬಿದ್ದದ್ದು ತಮ್ಮದೇ ಮುಖ. ಅದೂ ಆಳೆತ್ತರದ ಮುಖ. ಚಹಾದಂಗಡಿಯ ಪಕ್ಕ ಕಟ್ಟಿದ ಫ್ಲೆಕ್ಸಿನಲ್ಲಿ ಅವರ ಹಳೆಯ ಫೋಟೋಕ್ಕೆ ಇನ್ನಷ್ಟು ಬಿಳುಪು ಬಳಿದು, ಕೆಳಗೆ ದಪ್ಪಕ್ಷರದಲ್ಲಿ ‘ಜಗತ್ತನ್ನೇ ಗೆದ್ದ ಮಸಗುಪ್ಪಿಯ ಹುಲಿ’ ಎಂದು ಬರೆಸಿದ್ದರು. ಎಪ್ಪತ್ತು ದಾಟಿದ ಹುಲಿ ಬ್ಯಾಗು ಕೆಳಗಿಟ್ಟು, ಯಾರಾದರೂ ನೋಡುವ ಮೊದಲೇ ಮತ್ತೆ ಬಸ್ಸು ಹತ್ತಿಬಿಡಲೇ ಎಂದು ಯೋಚಿಸಿತು. ಅಷ್ಟರಲ್ಲಿ ಹಲಗಿ ಬಾರಿಸುವವರು ಸುತ್ತುವರಿದಿದ್ದರು, ಪಂಚಾಯ್ತಿ ಮೆಂಬರ್ ಶಿವಪುತ್ರ ಕೊರಳಿಗೆ ಹಾರ ಹಾಕಿ ತೆರೆದ ಜೀಪಿಗೆ ಹತ್ತಿಸಿದ್ದ.

ಜೀಪು ಪೇಟೆ ದಾಟುವವರೆಗೂ ಮಾಸ್ತರರು ಕೈ ಮುಗಿದೇ ನಿಂತಿದ್ದರು. ಕೈ ಮುಗಿದದ್ದು ಗೌರವಕ್ಕಲ್ಲ, ಮುಖಕ್ಕೆ ಅಷ್ಟಾದರೂ ಮರೆಯಿರಲಿ ಎಂದು. ಮೈಯೆಲ್ಲ ಹಿಡಿಯಷ್ಟಾಗಿತ್ತು. ತಮ್ಮೂರು ಮಸಗುಪ್ಪಿಯ ದಾರಿ ಹಿಡಿದು ಗದ್ದಲ ಕಡಿಮೆಯಾದಾಗ ಶಿವಪುತ್ರನ ಕಿವಿಗೆ ಬಾಯಿ ಹತ್ತಿರ ತಂದರು.

“ಶಿವಪುತ್ರ, ಒಂದ್ ಮಾತ್ ಹೇಳ್ತೇನಿ. ಆ ಓಟದಾಗ ನಾವ್ ಇದ್ದದ್ದs ಮೂರ್ ಮಂದಿ.”

“ಮೂರರ ಇರ್ಲಿ, ಮೂರ್ ಸಾವಿರರ ಇರ್ಲಿ. ಗೆದ್ದದ್ದು ಗೆದ್ದದ್ದs ಬಿಡ್ರಿ ಮಾಸ್ತರ್ರ.”

“ಗೆದ್ದಿಲ್ಲೋ. ಮೂರ್ ಮಂದ್ಯಾಗ ಮೂರ್ನೇದಾಂವ ನಾ.”

ಶಿವಪುತ್ರ ಡ್ರೈವರನ ಹೆಗಲು ತಟ್ಟಿದ. “ನೋಡಿದೇನಪಾ ದೊಡ್ಡವ್ರ ಗುಣಾ? ಕೊಳ್ಳಾಗ ಪದಕ ಐತಿ, ಮಾತ್ ಮಾತ್ರ ನೆಲದ ಮ್ಯಾಲೆ ಐತಿ.”

ಮಾಸ್ತರರು ಹೇಳಿದ್ದು ಅಪ್ಪಟ ನಿಜ. ಹಿರಿಯರ ಅಂತರರಾಷ್ಟ್ರೀಯ ಒಳಾಂಗಣ ಅಥ್ಲೆಟಿಕ್ಸ್ ಚಾಂಪಿಯನ್‌ಶಿಪ್ ಎಂಬ ಉದ್ದ ಹೆಸರಿನ ಆ ಕೂಟ ನಡೆದದ್ದು ಯುರೋಪಿನ ಒಂದು ಚಳಿಯೂರಿನಲ್ಲಿ. ಹೊರಗೆ ಹಿಮ, ಒಳಗೆ ಸೂರಿನಡಿ ಓಟದ ಹಾದಿ. ಅಲ್ಲಿ ವಯಸ್ಸಿಗೊಂದು ಗುಂಪು, ಗುಂಪಿಗೊಂದು ಓಟ. ಎಪ್ಪತ್ತು ದಾಟಿದ ಮೇಲೂ ಹರ್ಡಲ್ ಹಾರುವ ಹುಚ್ಚು ಲೋಕದಲ್ಲಿ ಎಷ್ಟು ಜನಕ್ಕಿದ್ದೀತು? ಬಂದವರು ಮೂವರು: ಫಿನ್ಲೆಂಡಿನ ಒಬ್ಬ ಗಳದಂಥ ಮನುಷ್ಯ, ಮೊಣಕಾಲಿಗೆ ಪಟ್ಟಿ ಕಟ್ಟಿದ ಜರ್ಮನಿಯ ಒಬ್ಬ ಮುದುಕ, ಮತ್ತೆ ನಮ್ಮ ಮಾಸ್ತರರು. ಇವರು ಎರಡು ಹರ್ಡಲ್ ಒದ್ದು ಕೆಡವಿ, ಮುಗ್ಗರಿಸುತ್ತ ಗೆರೆ ಮುಟ್ಟುವಷ್ಟರಲ್ಲಿ ಉಳಿದಿಬ್ಬರು ಬೆವರು ಒರೆಸಿಕೊಳ್ಳುತ್ತಿದ್ದರು. ಆದರೂ ಕಂಚಿನ ಪದಕ ಬಂತು, ಮೂರನೆಯವನಿಗೆ ಕೊಡುವುದು ಅದನ್ನೇ ತಾನೆ.

ಇಷ್ಟೇ ಆಗಿದ್ದರೆ ನಾಲ್ಕು ದಿನ ನಾಚಿಕೊಂಡು, ಐದನೇ ದಿನ ಮಾಸ್ತರರೂ ನಕ್ಕುಬಿಡುತ್ತಿದ್ದರು. ಅವರನ್ನು ಒಳಗೊಳಗೇ ತಿನ್ನುತ್ತಿದ್ದದ್ದು ಸಾತಪ್ಪ.

ಸಾತಪ್ಪ ಅವರ ಓರಗೆಯವನು, ಸಾಲಿಯಲ್ಲಿ ಒಂದೇ ಬೆಂಚಿನವನು. ಬಿದಿರಿನ ಗಳ ಅಡ್ಡ ಕಟ್ಟಿ ಇಬ್ಬರೂ ಹಾರುತ್ತಿದ್ದ ಕಾಲದಿಂದಲೂ ಒಂದು ಹೆಜ್ಜೆ ಮುಂದಿರುತ್ತಿದ್ದವನು ಅವನು. ಪಿ.ಟಿ. ಮಾಸ್ತರಿಕೆ ಮಾಡಿ ಜನ್ಮವಿಡೀ ಸೀಟಿ ಊದಿದವರು ಇವರು, ಕಬ್ಬಿಗೆ ನೀರು ಹಾಯಿಸಿಕೊಂಡಿದ್ದವನು ಅವನು. ವಯಸ್ಸಾದ ಮೇಲೆ ಹಿರಿಯರ ಕ್ರೀಡಾಕೂಟಗಳಿಗೆ ಜೊತೆಯಾಗಿ ಹೋಗತೊಡಗಿದಾಗಲೂ ಸಾತಪ್ಪನೇ ಮೊದಲಿಗ, ಮಾಸ್ತರರು ಅವನ ಬೆನ್ನು ನೋಡುವವರು. ಅವನಿಗೆ ಅದರ ಸೊಕ್ಕಿರಲಿಲ್ಲ. ಇದ್ದಿದ್ದರೆ ಇವರಿಗೆ ಎಷ್ಟೋ ಹಗುರಾಗುತ್ತಿತ್ತು.

ಚಾಂಪಿಯನ್‌ಶಿಪ್ಪಿನ ಸುದ್ದಿ ಕೇಳಿದ ದಿನವೇ ಅವನು ಮನೆಗೆ ಬಂದಿದ್ದ. “ಲಗಮಾ, ನಾನೂ ಬರ್ಲೇನೋ? ಈ ಸಲ ಕಬ್ಬಿನ ಬಿಲ್ ಚಲೋ ಬಂದೈತಿ. ಇಬ್ರೂ ಕೂಡೇ ಹೋಗೂಣು.”

ಮಾಸ್ತರರು ಕ್ಷಣವೂ ತಡೆಯಲಿಲ್ಲ. “ಆಯ್ಕಿ ಮುಗದ್ ಹೋತಲ್ಲೋ ಸಾತಪ್ಪ. ನಮ್ಮ ಕಡಿಂದ ಒಬ್ಬಾಂವಗs ಕರದಾರ.”

ಆಯ್ಕೆ ಎಂಬುದೇ ಇರಲಿಲ್ಲ. ವಯಸ್ಸಿನ ದಾಖಲೆ ತೋರಿಸಿ, ಹೆಸರು ಹಚ್ಚಿ, ಸ್ವಂತ ಖರ್ಚಿನಲ್ಲಿ ಹೋಗುವ ತಾಕತ್ತಿದ್ದವರು ಯಾರಾದರೂ ಹೋಗಿ ಓಡಬಹುದಿತ್ತು. ಒಂದೇ ಒಂದು ಸಲ ಆ ಬೆನ್ನು ಕಣ್ಣೆದುರು ಇಲ್ಲದೆ ಓಡಬೇಕೆಂಬ ಆಸೆ ಮಾಸ್ತರರದು. ಸಾತಪ್ಪ ಸಂಶಯ ಪಡಲಿಲ್ಲ. “ಹಂಗಾರ ನೀನರ ಚಲೋತ್ನಾಗಿ ಓಡಿ ಬಾ” ಎಂದವನು, ಮರುದಿನದಿಂದಲೇ ಬೆಳಿಗ್ಗೆ ಸಾಲಿಯ ಮೈದಾನಕ್ಕೆ ಬಂದು ಹರ್ಡಲ್ ಹಚ್ಚಿಕೊಟ್ಟ, ಇವರು ಬೀಳಿಸಿದ್ದನ್ನು ಎತ್ತಿ ನಿಲ್ಲಿಸಿದ, ಕಾಲು ಎಲ್ಲಿ ತಪ್ಪುತ್ತಿದೆ ಎಂದು ತಿದ್ದಿದ.

ಪದಕ ಕೊರಳಿಗೆ ಬಿದ್ದಾಗ ಮಾಸ್ತರರ ತಲೆಯಲ್ಲಿ ಓಡಿದ್ದು ಒಂದೇ ಲೆಕ್ಕ. ಸಾತಪ್ಪ ಬಂದಿದ್ದರೆ ಆ ಜರ್ಮನಿಯ ಮುದುಕನನ್ನು ಹಿಂದೆ ಹಾಕುತ್ತಿದ್ದ, ತಾವು ನಾಲ್ಕನೆಯವರಾಗಿ ಬರಿಗೈಲಿ ಊರಿಗೆ ಬರಬೇಕಾಗಿತ್ತು. ಕಂಚು ಎದೆಯ ಮೇಲೆ ತಣ್ಣಗೆ ಕೊರೆಯಿತು. ಅದನ್ನು ತೆಗೆದು ಬ್ಯಾಗಿಗೆ ತುರುಕಿದವರು ದಾರಿಯುದ್ದಕ್ಕೂ ಒಮ್ಮೆಯೂ ಹೊರಗೆ ತೆಗೆದಿರಲಿಲ್ಲ. ಇವತ್ತು ಜೀಪಿನಲ್ಲಿ ಶಿವಪುತ್ರನೇ ಹುಡುಕಿ ತೆಗೆದು ಕೊರಳಿಗೆ ಹಾಕಿದ್ದ.

ಮನೆ ಮುಂದೆ ಆರತಿಯಾಯಿತು. ಒಳಗೆ ಬಂದು ಕಾಲು ತೊಳೆಯುತ್ತ ಮಾಸ್ತರರು ಹೆಂಡತಿಯನ್ನು ಕೇಳಿದರು. “ಸಾತಪ್ಪ ಕಾಣವೊಲ್ಲನಲ್ಲ?”

“ಹುಕ್ಕೇರಿಗೆ ಮಗಳ ಮನಿಗೆ ಹೋಗ್ಯಾನ್ರಿ,” ಎಂದಳು ಶಿವವ್ವ. “ನಾಳೆ ನಿಮ್ಮ ಸತ್ಕಾರಕ್ಕ ಬಂದs ಬರ್ತೇನಿ ಅಂತ ಹೇಳಿ ಹೋಗ್ಯಾನ. ನಿಮಗಿಂತ ಅವಗs ಖುಷಿ ಭಾಳ ಐತಿ.”

ಹೋಳಿಗೆಯನ್ನು ತಾಟಿನಲ್ಲೇ ಬಿಟ್ಟೆದ್ದರು. ನಾಳೆ ಮೈಕಿನ ಮುಂದೆ ನಿಂತು ಓಡಿದವರು ಮೂವರೇ ಎಂದು ಊರಿಗೆಲ್ಲ ಸಾರಿಬಿಡಬೇಕು, ಆಗ ಮನಸ್ಸು ತಿಳಿಯಾಗುತ್ತದೆ ಎಂದು ಮಾಸ್ತರರು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಸಣ್ಣ ತಪ್ಪನ್ನು ಮುಂದೆ ಮಾಡಿ ದೊಡ್ಡದನ್ನು ಅದರ ಬೆನ್ನ ಹಿಂದೆ ಅಡಗಿಸುವ ಜಾಣತನ ಮಾಸ್ತರಿಕೆ ಮಾಡಿದವರಿಗೂ ಬರುತ್ತದೆ.

ಮರುದಿನ ಸಾಲಿಯ ಮೈದಾನದಲ್ಲಿ ಪೆಂಡಾಲು ತುಂಬಿತ್ತು. ಮುಂದಿನ ಸಾಲಿನ ತುದಿಯಲ್ಲಿ ಬಿಳಿ ಅಂಗಿ ತೊಟ್ಟು ಸಾತಪ್ಪ ಕೂತಿದ್ದ. ಮಾಸ್ತರರು ಅವನತ್ತ ನೋಡದೆ ಮೈಕು ಹಿಡಿದರು. ಓಡಿದವರು ಮೂವರೇ, ತಾವೇ ಕೊನೆಯವರು, ಎರಡು ಹರ್ಡಲ್ ಕೆಡವಿದವರೂ ತಾವೇ ಎಂದು ಏನೂ ಮುಚ್ಚಿಡದೆ ಹೇಳಿದರು. ಜನ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಇಂಥ ನಿಗರ್ವಿಗಳು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ ಎಂದು ಶಿವಪುತ್ರ ಮೈಕು ಕಸಿದುಕೊಂಡು ಕೂಗಿದ. ನಾಚಿಕೆಯ ಜಾಗಕ್ಕೆ ಸಣ್ಣದೊಂದು ಸುಖ ಸುಳಿದದ್ದು ಮಾಸ್ತರರಿಗೆ ಗೊತ್ತಾಯಿತು. ಅದಕ್ಕೇ ಅವರಿಗೆ ಇನ್ನಷ್ಟು ಹೇಸಿಗೆಯೆನಿಸಿತು.

ಆಮೇಲೆ ತಲೆಗೆ ಫೆಟಾ ಸುತ್ತುವ ಮರ್ಯಾದೆ. ಕೇಸರಿ ರುಮಾಲನ್ನು ಚಂದಾಗಿ ಸುತ್ತುವ ಕೈ ಊರಲ್ಲಿ ಸಾತಪ್ಪನದೇ. ಅವನು ವೇದಿಕೆ ಹತ್ತಿ, ಇವರ ಬೆನ್ನ ಹಿಂದೆ ನಿಂತು, ಒಂದೊಂದೇ ಸುತ್ತು ಬಿಗಿ ಮಾಡುತ್ತ ಕಿವಿಯ ಹತ್ತಿರ ಮೆಲ್ಲಗೆ ಹೇಳಿದ.

“ಮೂರ್ ಮಂದಿ ಲೆಕ್ಕಾ ಹೇಳಿದಿ. ನಾಕ್ನೇದಾಂವ ಊರಾಗs ಇದ್ದ, ಅದನ್ನ ಹೇಳಲಿಲ್ಲ.”

ಮಾಸ್ತರರು ಅರ್ಧ ಸುತ್ತಿದ ಫೆಟಾದಲ್ಲೇ ತಿರುಗಿದರು. “ನಿನಗ ಗೊತ್ತಿತ್ತೇನೋ?”

“ನೀ ಹೋಗೂಕಿಂತ ಮೊದಲs ಗೊತ್ತಿತ್ತು. ಆಯ್ಕಿ ಅನ್ನೂದs ಇಲ್ಲ ಅಂತ ಹುಕ್ಕೇರಿ ಅಳ್ಯಾ ಕಂಪ್ಯೂಟರ್‌ನ್ಯಾಗ ನೋಡಿ ಹೇಳಿದ. ಹೆಸರು ಹಚ್ಚೂ ದಿನಾ ಮುಗದಿತ್ತು ಅವಾಗ. ಅವನ್ನ ಬಿಟ್ರ ಯಾರಿಗೂ ಗೊತ್ತಿಲ್ಲ. ನೀನೂ ಹೇಳಬ್ಯಾಡ. ನಮ್ಮಿಬ್ಬರದು ನಮ್ಮಿಬ್ಬರಾಗ ಇರ್ಲಿ.”

ಗೊತ್ತಿದ್ದೂ ಹರ್ಡಲ್ ಎತ್ತಿ ನಿಲ್ಲಿಸಿದ್ದನಲ್ಲ ಇವನು! ಮಾಸ್ತರರಿಗೆ ನೆಲ ಬಾಯಿ ಬಿಟ್ಟು ನುಂಗಬಾರದೆ ಅನ್ನಿಸಿತು. ಇನ್ನೊಂದು ಉಸಿರು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿರುವುದು ಅವರಿಂದ ಆಗಲಿಲ್ಲ. ಬ್ಯಾಡ ಎಂದವನ ಕೈ ಬಿಡಿಸಿಕೊಂಡು ಮೈಕಿಗೆ ಹೋದರು.

“ಇನ್ನೊಂದ್ ಮಾತ್ ಐತ್ರಿ. ಈ ಪದಕ ಸಾತಪ್ಪಂದು. ಅಂವ ಬರ್ತೇನಿ ಅಂದಿದ್ದ. ಅಂವ ಬಂದ್ರ ನಾ ಹಿಂದ ಬೀಳ್ತೇನಿ ಅಂತ ಹೆದರಿ, ಆಯ್ಕಿ ಮುಗದೈತಿ ಅಂತ ಸುಳ್ಳ ಹೇಳಿ ಬಿಟ್ ಹೋದ್ನಿ. ನನ್ನಂಥಾ ಗೆಳ್ಯಾ ಯಾರಿಗೂ ಬ್ಯಾಡ.”

ಕಣ್ಣೀರು ಇಳಿದುಬಿಟ್ಟಿತು. ಮೊದಲು ಹೆಂಗಸರ ಕಡೆಯಿಂದ ‘ಪಾಪ, ಸಾತಪ್ಪಗ ಹಿಂಗ ಆಗಬಾರ್ದಿತ್ತು’ ಎಂಬ ಮಾತು ಬಂತು. ಹಿಂದೆ ನಿಂತ ಹುಡುಗರಲ್ಲಿ ಒಬ್ಬ, ಈ ಸಾತಪ್ಪನs ದಿನಾ ಮಾಸ್ತರಗ ಹರ್ಡಲ್ ಹಚ್ಚಾಕ ಬರ್ತಿದ್ನಲ್ಲೋ ಎಂದ. ಇನ್ನಿಬ್ಬರು ನಕ್ಕರು. ಮಾಸ್ತರರು ಅದಾವುದನ್ನೂ ಕೇಳಿಸಿಕೊಳ್ಳದೆ ಪದಕ ತೆಗೆದು ಸಾತಪ್ಪನ ಕೊರಳಿಗೆ ಹಾಕಿದರು. ಅಷ್ಟಾದದ್ದೇ ತಡ, ಮೊದಲಿನದರ ಎರಡರಷ್ಟು ಚಪ್ಪಾಳೆ ಬಿತ್ತು. ಮುಂದಿನ ಸಾಲಿನವರು ಎದ್ದೇ ನಿಂತರು. ಕೆಲವರು ಮೊಬೈಲು ಹಿಡಿದು ಫೋಟೋ ತೆಗೆದರು.

ಬಿಳಿ ಅಂಗಿಯ ಮೇಲೆ ಪದಕ ಹೊತ್ತು ಸಾತಪ್ಪ ಹಾಗೇ ನಿಂತಿದ್ದ. ಊರೆಲ್ಲ ಅವನನ್ನು ಅಯ್ಯೋ ಎನ್ನುವ ಕಣ್ಣಿನಿಂದ ನೋಡುತ್ತಿತ್ತು. ಅವನ ಕಿವಿ ಕೆಂಪಾಗಿದ್ದನ್ನು ಮಾಸ್ತರರು ಆ ಗೆಳೆತನದಲ್ಲಿ ಮೊದಲ ಸಲ ನೋಡಿದರು.

“ಹೇಳಬ್ಯಾಡ ಅಂದಿದ್ನಲ್ಲೋ,” ಎಂದ ಸಾತಪ್ಪ, ಇವರಿಗಷ್ಟೇ ಕೇಳುವ ಹಾಗೆ. “ನಿನ್ನ ಎದಿ ಹಗರಾತು. ಇನ್ನ ಈ ಊರಾಗ ನಾ ಹೆಂಗ ಅಡ್ಡಾಡ್ಲಿ?”

ಪದಕವನ್ನು ಕೊರಳಿಂದ ತೆಗೆದು, ಹಾರ ತೆಂಗಿನಕಾಯಿ ಇಟ್ಟಿದ್ದ ಮೇಜಿನ ಮೇಲೆ ಇಟ್ಟ. ವೇದಿಕೆ ಇಳಿದು, ಯಾರ ಮುಖವನ್ನೂ ನೋಡದೆ, ಜನ ಬಿಟ್ಟ ದಾರಿಯಲ್ಲಿ ಮನೆಯ ಕಡೆ ನಡೆದ. ಮಾಸ್ತರರು ಅವನ ಬೆನ್ನು ನೋಡುತ್ತ ನಿಂತರು. ಶಿವಪುತ್ರ ಅವರ ಕೈ ಹಿಡಿದು ಮೇಲಕ್ಕೆತ್ತಿದ, ಚಪ್ಪಾಳೆ ಇನ್ನೂ ನಡೆದೇ ಇತ್ತು.