ದಿವಾನನ ರುಚಿ ಪರೀಕ್ಷೆ

ಗುಂಡ್ಲುಪೇಟೆಯ ಈರುಳ್ಳಿ ವ್ಯಾಪಾರದ ಬುಡವನ್ನೇ ಅಲುಗಾಡಿಸಬಹುದಾಗಿದ್ದ ವಿದ್ಯಮಾನವೊಂದು ೧೯೯೫ರ ಶ್ರಾವಣದ ಮೊದಲ ವಾರದಲ್ಲಿ ಜರುಗಿತು. ಮಂಡಿ ಚಿಕ್ಕಮಲ್ಲಪ್ಪನವರ ನಾಯಿ ಬೆಳಿಗ್ಗೆ ಎದ್ದು ಬಂದು, ತಟ್ಟೆಯನ್ನು ಮೂಸಿ, ಏನನ್ನೂ ಮುಟ್ಟದೆ ಹೋಗಿ ಮಲಗಿಕೊಂಡಿತು.

ನಾಯಿಯ ಹೆಸರು ದಿವಾನ. ಕಂದು ಮೈ, ಮಡಿಚಿದ ಕಿವಿ, ಗಂಭೀರವಾದ ಮುಖ. ಹೆಸರಿಗೆ ತಕ್ಕ ಹುದ್ದೆಯೂ ಅವನಿಗಿತ್ತು. ಕೇರಳದ ವ್ಯಾಪಾರಿಗಳು ಮಂಡಿಗೆ ಬಂದಾಗ ಚಿಕ್ಕಮಲ್ಲಪ್ಪ ಚೀಲದೊಳಗೆ ಕೈಹಾಕಿ ಒಂದು ಸಣ್ಣ ಈರುಳ್ಳಿ ತೆಗೆದು, ಸಿಪ್ಪೆ ಸುಲಿದು, ಅರ್ಧ ತಾವು ಬಾಯಿಗೆ ಹಾಕಿಕೊಂಡು ಇನ್ನರ್ಧವನ್ನು ದಿವಾನನ ಮುಂದೆ ಹಿಡಿಯುತ್ತಿದ್ದರು. ದಿವಾನ ಅದನ್ನು ಕಟುಂ ಎನಿಸಿ ನುಂಗಿ ಬಾಲ ಆಡಿಸುತ್ತಿದ್ದ. "ನೋಡಿ, ಖಾರ ಇದ್ರೆ ನಾಯಿ ಮುಟ್ಟದಾ?" ಎಂದು ಚಿಕ್ಕಮಲ್ಲಪ್ಪ ಕೇಳುವರು. ಇದಕ್ಕೆ ಉತ್ತರ ಹೇಳಬಲ್ಲ ವ್ಯಾಪಾರಿ ವಯನಾಡಿನಲ್ಲಿ ಹುಟ್ಟಿರಲಿಲ್ಲ. ಅದು ಈರುಳ್ಳಿಯ ರುಚಿಯಲ್ಲ, ಮರಿಯಿಂದ ಸಾಕಿದ ಒಡೆಯನ ಕೈಯ ರುಚಿ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಒಡೆಯನಿಗಂತೂ ಇಲ್ಲವೇ ಇಲ್ಲ.

ದಿವಾನನ ಉಳಿದೆಲ್ಲ ಯೋಗಕ್ಷೇಮ ಮಗಳು ಸುಧಾಮಣಿಯದು. ಕಾಲೇಜಿಗೆ ಹೋಗುವ ಮುಂಚೆ ಅವನ ನೀರಿನ ಬೋಗುಣಿ ತೊಳೆದು ಹೊಸ ನೀರು ಹಾಕುವಳು, ಕಿವಿಯ ಸಂದಿಯಿಂದ ಉಣ್ಣೆಹುಳ ಹೆಕ್ಕುವಳು, ಭಾನುವಾರ ಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ಮೀಯಿಸುವಳು. ಊಟ ಮಾತ್ರ ಅಜ್ಜಿ ಪುಟ್ಟಬಸಮ್ಮನವರ ಇಲಾಖೆ. ಮನೆಯವರಿಗೆ ಏನೋ ನಾಯಿಗೂ ಅದೇ. ಈರುಳ್ಳಿ ಮಂಡಿಯವರ ಮನೆಯಲ್ಲಿ ಅದೇನೆಂದು ಬೇರೆ ಹೇಳಬೇಕಾಗಿಲ್ಲ.

"ದೃಷ್ಟಿ ಆಗ್ಯದೆ ಕನಾ," ಎಂದರು ಪುಟ್ಟಬಸಮ್ಮ. "ಬರೋರೆಲ್ಲ ಇವನ್ನೇ ನೋಡ್ತಿದ್ರಲ್ಲ." ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದರು. ಮನೆಯವರೆಲ್ಲ ಕೆಮ್ಮಿದರು. ನಾಯಿ ತಲೆ ಎತ್ತಲಿಲ್ಲ.

ಸುಧಾಮಣಿ ಅವನ ತುಟಿ ಮಡಿಚಿ ನೋಡಿದಳು. ಗುಲಾಬಿ ಬಣ್ಣ ಇರಬೇಕಾದ ಒಸಡು ಸುಣ್ಣದ ಗೋಡೆಯಂತಿತ್ತು. ಹಿತ್ತಲಲ್ಲಿ ಉಚ್ಚೆ ಹೊಯ್ದದ್ದು ನೋಡಿದರೆ ಕಾಫಿ ಡಿಕಾಕ್ಷನ್ ಬಣ್ಣ.

"ಅಪ್ಪಾಜಿ, ದನದ ಆಸ್ಪತ್ರೆಗೆ ಕರ್ಕೊಂಡು ಹೋಗನ," ಎಂದಳು.

"ಓಣಂ ಲೋಡಿನ ಟೈಮು ಕಣಮ್ಮಿ. ಸೋಮವಾರ ಬತ್ತೇರಿ ಮೊಯ್ದು ಕಾಕಾ ಲಾರಿ ತತ್ತವ್ನೆ."

"ಇವ್ನು ಸೋಮವಾರದ ಗಂಟ ಇರ್ಬೇಕಲ್ಲ."

ಚಿಕ್ಕಮಲ್ಲಪ್ಪ ಮಂಡಿಯ ಆಟೋ ಗಾಡಿ ತರಿಸಿದರು. ಖಾಲಿ ಗೋಣಿಚೀಲದ ಮೇಲೆ ದಿವಾನನನ್ನು ಮಲಗಿಸಿ, ತಲೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಇಸ್ತ್ರಿ ಪಂಚೆಗೆ ಜೊಲ್ಲು ಸುರಿಯಿತು. ಅವರು ಅದನ್ನು ನೋಡಿಯೂ ನೋಡದವರಂತೆ ಹೊರಗೆ ನೋಡುತ್ತಿದ್ದರು.

ಆಸ್ಪತ್ರೆಯ ಡಾಕ್ಟರು ಸೋಮೇಶ್ ಒಸಡು ನೋಡಿ, ಹೊಟ್ಟೆ ಮುಟ್ಟಿ, "ಊಟ ಏನು ಹಾಕ್ತೀರಿ?" ಎಂದು ಕೇಳಿದರು.

"ನಾವು ಉಣ್ಣೋದೇ ಸಾ."

"ನೀವು ಏನು ಉಣ್ತೀರಿ?"

"ಇದೊಳ್ಳೆ ಕೇಳಿದ್ರಲ್ಲ. ಈರುಳ್ಳಿ ಹುಳಿ, ಈರುಳ್ಳಿ ಗೊಜ್ಜು, ಈರುಳ್ಳಿ ಬಾಡಿಸಿದ ಉಪ್ಪಿಟ್ಟು. ಮಂಡೀಲಿ ಹಸೀದೂ ತಿಂತನೆ. ಅದಕ್ಕೆ ಏನೂ ಕಮ್ಮಿ ಮಾಡಿಲ್ಲ."

ಡಾಕ್ಟರು ಕೈ ತೊಳೆದುಕೊಂಡು ಬಂದು ಕುಳಿತರು. "ಅದೇ ಜಾಸ್ತಿ ಆಗಿರೋದು. ನಾಯಿಗೆ ಈರುಳ್ಳಿ ವಿಷ. ಒಳಗೆ ರಕ್ತ ಒಡೆದುಹೋಗುತ್ತೆ."

ಚಿಕ್ಕಮಲ್ಲಪ್ಪ ಎದ್ದುಹೋಗಿ ಬಾಗಿಲು ಮುಂದೆ ಮಾಡಿ ಬಂದರು. "ವಸಿ ಮೆಲ್ಲಗೆ ಹೇಳಿ ಸಾ. ಆಚೆ ನಮ್ಮ ಗಿರಾಕಿ ಎಮ್ಮೆ ಹಿಡ್ಕೊಂಡು ನಿಂತವ್ನೆ."

"ಮೆಲ್ಲಗೆ ಹೇಳಿದ್ರೂ ಅದು ವಿಷಾನೇ. ಬೇಯಿಸಿದರೂ ವಿಷ, ಹಸಿದೂ ವಿಷ. ಇನ್ನೊಂದು ಚೂರು ಹೊಟ್ಟೆಗೆ ಹೋದರೆ ಈ ನಾಯಿ ನನ್ನ ಕೈಲಿ ಉಳಿಯಲ್ಲ. ಮೊಸರನ್ನ ಹಾಕಿ, ದಿನಕ್ಕೊಂದು ಬೇಯಿಸಿದ ಮೊಟ್ಟೆ ಕೊಡಿ, ಇಂಜೆಕ್ಷನ್‌ಗೆ ಕರ್ಕೊಂಡು ಬನ್ನಿ."

"ಮೊಟ್ಟೆಯಾ?" ಎಂದರು ಚಿಕ್ಕಮಲ್ಲಪ್ಪ, ಕೊರಳಲ್ಲಿದ್ದ ಕರಡಿಗೆಯನ್ನು ಹಿಡಿದುಕೊಂಡು. ಲಿಂಗವಿದ್ದ ಆ ಬೆಳ್ಳಿಯ ಡಬ್ಬಿ ಇಂಥ ಮಾತನ್ನು ಈವರೆಗೆ ಕೇಳಿರಲಿಲ್ಲ.

ಮೊಟ್ಟೆಯ ಸಮಸ್ಯೆಯನ್ನು ಸುಧಾಮಣಿ ಬಗೆಹರಿಸಿದಳು. ಹಿತ್ತಲ ಬೇಲಿಯ ಆಚೆ ಕೂಲಿ ಕೆಲಸದ ಸುಂದ್ರಮ್ಮನ ಮನೆ. ಸುಂದ್ರಮ್ಮ ತನ್ನ ಒಲೆಯಲ್ಲಿ ಬೇಯಿಸಿ, ಸುಲಿದು, ಬೇಲಿಯ ಸಂದಿಯಿಂದ ದಿವಾನನಿಗೆ ನೀಡತೊಡಗಿದಳು. ಆ ಹೊತ್ತಿಗೆ ಸರಿಯಾಗಿ ಪುಟ್ಟಬಸಮ್ಮನವರಿಗೆ ದೇವರ ಮನೆಯಲ್ಲಿ ಕೆಲಸ ಬೀಳುತ್ತಿತ್ತು.

"ಅಜ್ಜಿಗೆ ಗೊತ್ತಾದ್ರೆ?" ಎಂದು ಸುಂದ್ರಮ್ಮ ಕೇಳಿದಳು.

"ಅಜ್ಜೀನೇ ಕೇಳುದ್ರು, ಇವತ್ತು ಯಾಕೆ ತಡ ಅಂತ."

ಭಾನುವಾರದ ಹೊತ್ತಿಗೆ ದಿವಾನ ಎದ್ದು ನಿಂತ. ನಾಲ್ಕು ಹೆಜ್ಜೆ ಹಾಕಿ ಸುಸ್ತಾಗಿ ಕೂತ. ಸೋಮವಾರ ಬೆಳಿಗ್ಗೆ ಯಾರೂ ಕರೆಯದೆ, ತನ್ನ ಉದ್ಯೋಗದ ನೆನಪಾಗಿ, ಮೆಲ್ಲಗೆ ನಡೆದು ಮಂಡಿಗೆ ಬಂದು ಚೀಲಗಳ ಪಕ್ಕದ ತನ್ನ ಜಾಗದಲ್ಲಿ ಕುಳಿತ. ಆಗಲೇ ಸುಲ್ತಾನ್ ಬತ್ತೇರಿಯ ಮೊಯ್ದು ಕಾಕಾನ ಲಾರಿ ಬಂದು ನಿಂತಿತು.

ಮೊಯ್ದು ಕಾಕಾ ಕೆಳಗಿಳಿದು ಮುಂಡು ಸರಿ ಮಾಡಿಕೊಂಡ. ಓಣಂಗೆ ಇಡೀ ಲಾರಿ ತುಂಬುವ ಮಾತಾಗಿತ್ತು. ಎದುರು ಮಂಡಿಯ ಪುಟ್ಟಬಸಪ್ಪನೂ ಟೀ ಲೋಟ ಹಿಡಿದು ರಸ್ತೆ ದಾಟಿ ಬಂದು ನಿಂತ. ಮಾಲು ಇವರಲ್ಲಿ ಕುದುರದಿದ್ದರೆ ತನ್ನಲ್ಲಿ ಕುದುರೀತು ಎಂಬುದು ಅವನ ಟೀಯ ಉದ್ದೇಶ.

"ಮೊದಲಾಳಿ, ನಾಯಿಗೆ ಕೊಡಿ, ನೋಡನ," ಎಂದ ಮೊಯ್ದು ಕಾಕಾ. ಧಣಿ ಎನ್ನುವ ಅರ್ಥದ ಮಲಯಾಳದ ಮಾತು ಅದು, ಚಿಕ್ಕಮಲ್ಲಪ್ಪನವರನ್ನು ಅವನು ಕರೆಯುತ್ತಿದ್ದದ್ದೇ ಹಾಗೆ.

ಅಭ್ಯಾಸಬಲದಿಂದ ಚಿಕ್ಕಮಲ್ಲಪ್ಪನವರ ಕೈ ಆಗಲೇ ಚೀಲದೊಳಗೆ ಹೋಗಿ, ಈರುಳ್ಳಿ ತೆಗೆದು, ಸುಲಿದು ಮುಗಿಸಿತ್ತು. ಅರ್ಧ ಬಾಯಿಗೆ ಹೋಯಿತು. ಇನ್ನರ್ಧ ಬೆರಳಲ್ಲಿ ಉಳಿಯಿತು. ದಿವಾನ ಕತ್ತೆತ್ತಿ ಬಾಯಿ ತೆರೆದು ಕಾಯುತ್ತಿದ್ದ. ಆ ಬಾಯೊಳಗೆ ಒಸಡು ಇನ್ನೂ ಬಿಳಿಚಿಕೊಂಡೇ ಇತ್ತು. ಕಾಲೇಜಿಗೆ ಹೊರಟಿದ್ದ ಸುಧಾಮಣಿ ಬಾಗಿಲಲ್ಲಿ ನಿಂತು ಅಪ್ಪನ ಕೈಯನ್ನೇ ನೋಡುತ್ತಿದ್ದಳು.

ಚಿಕ್ಕಮಲ್ಲಪ್ಪ ಇನ್ನರ್ಧವನ್ನೂ ತಾವೇ ಬಾಯಿಗೆ ಹಾಕಿಕೊಂಡರು.

"ನಾಯಿಗೆ?" ಎಂದ ಮೊಯ್ದು ಕಾಕಾ.

"ಶ್ರಾವಣ ಸೋಮವಾರ ಕಾಕಾ. ವ್ರತ ಹಿಡ್ದವ್ನೆ. ಈರುಳ್ಳಿ ಮುಟ್ಟಂಗಿಲ್ಲ."

"ನಾಯಿಗೂ ನೋಂಬಾ?"

"ನಮ್ಮ ಮನೇಲಿ ಇದ್ಮೇಲೆ ನಮ್ಮಂಗೇ ಇರ್ಬೇಕಲ್ಲ."

"ನೀವು ಈಗ ತಿಂದ್ರಲ್ಲ ಮೊದಲಾಳಿ."

ಚಿಕ್ಕಮಲ್ಲಪ್ಪ ಅಗಿಯುವುದನ್ನು ನಿಲ್ಲಿಸಿದರು. "ವ್ರತ ಅವುಂದು. ನಂಗೆ ವ್ಯಾಪಾರ ಅದೆಯಲ್ಲ," ಎಂದರು.

ಪುಟ್ಟಬಸಪ್ಪ ಟೀ ಲೋಟ ಕೆಳಗಿಟ್ಟ. "ಅದ್ಯಾಕ್ಲಾ ಮಲ್ಲಪ್ಪ, ದೇವರ ಮೇಲೆ ಹಾಕ್ತೀಯೆ? ಈರುಳ್ಳಿ ತಿಂದೇ ನಾಯಿ ಸಾಯಕ್ಕೆ ಬಿದ್ದಿತ್ತು, ಡಾಕ್ಟ್ರು ವಿಷ ಅಂದವ್ರೆ. ಎಮ್ಮೆ ಹಿಡ್ಕೊಂಡು ಹೋಗಿದ್ದ ನಿಂಗಯ್ಯನೇ ಹೇಳ್ದ, ಬಾಗ್ಲು ಸಂದೀಲೆಲ್ಲ ಕೇಳುಸ್ತಿತ್ತಂತೆ."

ಮೊಯ್ದು ಕಾಕಾ ಚೀಲವನ್ನೂ ನಾಯಿಯನ್ನೂ ನೋಡಿದ. ಹಮಾಲಿಗಳು ಕೆಲಸ ಬಿಟ್ಟು ನಿಂತರು. ಚಿಕ್ಕಮಲ್ಲಪ್ಪ ಪಂಚೆಗೆ ಕೈ ಒರೆಸಿಕೊಂಡು, ನೆಲಕ್ಕೆ ಕುಕ್ಕರಗಾಲಲ್ಲಿ ಕುಳಿತು, ದಿವಾನನ ಬೆನ್ನ ಮೇಲೆ ಕೈಯಿಟ್ಟರು.

"ಹೂಂ ಕಾಕಾ, ನಿಜ. ನಾಯಿಗೆ ಈರುಳ್ಳಿ ಆಗಲ್ವಂತೆ. ನಂಗೆ ತಿಳೀದೆ ಇಷ್ಟು ದಿನ ಹಾಕ್ಬುಟ್ಟೆ. ನೀವು ಲೋಡು ತಗಂಡ್ರೂ ಸರಿ, ಬುಟ್ರೂ ಸರಿ, ಇವ್ನ ಬಾಯಿಗೆ ಇನ್ನ ಇಕ್ಕಲ್ಲ." ಆಮೇಲೆ ಪುಟ್ಟಬಸಪ್ಪನ ಕಡೆ ತಿರುಗಿದರು. "ಯಾವ ಮಂಡಿ ಈರುಳ್ಳಿ ಅಂತ ಡಾಕ್ಟ್ರು ಹೇಳ್ಲಿಲ್ಲ ಕಣ್ಲಾ. ನಿಂದೂ ಅದ್ರಲ್ಲಿ ಸೇರ್ತದೆ."

ಹಮಾಲಿಗಳಲ್ಲಿ ಯಾರೋ ನಕ್ಕರು. ಪುಟ್ಟಬಸಪ್ಪ ಲೋಟ ಎತ್ತಿಕೊಂಡ, ಟೀ ಆರಿತ್ತು.

ಮೊಯ್ದು ಕಾಕಾ ಗಡ್ಡ ಕೆರೆದುಕೊಂಡ. "ಬತ್ತೇರೀಲಿ ನಾನು ನಾಯಿಗೆ ಮಾರಲ್ಲವಲ್ಲ," ಎಂದ. ತಾನೇ ಬಗ್ಗಿ ಚೀಲದಿಂದ ಒಂದು ಈರುಳ್ಳಿ ಎತ್ತಿಕೊಂಡು, ಸುಲಿದು, ಬಾಯಿಗೆ ಹಾಕಿ ಅಗಿದ. ಅವನ ಕಣ್ಣಲ್ಲಿ ಧಾರಾಳವಾಗಿ ನೀರು ಬಂತು. ಮುಂಡಿನ ತುದಿಯಿಂದ ಒರೆಸಿಕೊಂಡ.

"ಖಾರ ಉಂಟಲ್ಲ ಮೊದಲಾಳಿ."

"ಉಂಟು," ಎಂದರು ಚಿಕ್ಕಮಲ್ಲಪ್ಪ. ಅವರ ಕಣ್ಣಲ್ಲೂ ಆಗಿನಿಂದ ಅದೇ ನೀರು.

"ಸಾಂಬಾರಿಗೆ ಖಾರದ್ದೇ ಬೇಕು. ನಿಮ್ಮ ನಾಯಿ ಇಷ್ಟು ವರ್ಷ ಸಿಹಿ ಅಂತ ನಂಬಿಸಿ ನನಗೆ ಮೋಸ ಮಾಡ್ತು," ಎಂದು ಮೊಯ್ದು ಕಾಕಾ ಡ್ರೈವರಿಗೆ ಲಾರಿಯನ್ನು ಲೋಡಿಗೆ ಹಿಂದಕ್ಕೆ ತೆಗೆಯಲು ಕೈ ಮಾಡಿದ.

ಸುಧಾಮಣಿಗೆ ಅವತ್ತು ಮೊದಲ ಕ್ಲಾಸು ತಪ್ಪಿತು. ಮಂಡಿಯ ಮೂಲೆಯಲ್ಲಿ ಕುಳಿತು ದಿವಾನನಿಗೆ ಮೊಸರನ್ನ ತಿನ್ನಿಸಿದಳು. ತಟ್ಟೆಯ ಸುತ್ತ ಹಮಾಲಿಗಳು ನಿಂತು, ಸಂತೆಮರಹಳ್ಳಿ ಕಡೆಯ ತಮ್ಮ ತಮ್ಮ ಮನೆಯ ನಾಯಿಗಳು ಏನೇನು ತಿನ್ನುತ್ತವೆ ಎಂದು ಒಬ್ಬೊಬ್ಬರಾಗಿ ಅವಳನ್ನು ವಿಚಾರಿಸತೊಡಗಿದರು. ಅವಳು ಅದರಲ್ಲಿ ಅರ್ಧವನ್ನು ಬೇಡ ಎಂದಳು.

ಲಾರಿ ಮಧ್ಯಾಹ್ನ ತುಂಬಿ ಹೊರಟಿತು. ದಿವಾನನ ಒಸಡು ದೀಪಾವಳಿಯ ಹೊತ್ತಿಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬಂತು.