ಮುಚ್ಚಿಹೋದ ಕಾಜಾಗಳು

ಮಧ್ಯಾಹ್ನವಾದರೆ ಆ ಹೊಲಿಗೆ ಅಂಗಡಿಯಲ್ಲಿ ಗಾಳಿಗೂ ತೂಕಡಿಕೆ. ಕಿಟಕಿಯ ಬಿಸಿಲಿನಲ್ಲಿ ಹತ್ತಿಯ ಎಳೆಗಳು ಕೆಳಗಿಳಿಯಲು ಮನಸ್ಸಿಲ್ಲದೆ ತೇಲುತ್ತಿದ್ದವು. ಮಿಷನ್ ತುಳಿಯುತ್ತಿದ್ದ ಅಕ್ಕನಿಗೆ, ಅವುಗಳ ಆಚೆ ಅಮ್ಮ ಕತ್ತರಿ ಹಿಡಿದು ನಿಂತಂತೆ ಒಂದು ಕ್ಷಣ ಕಂಡಿತು. ಅಮ್ಮ ತೀರಿಕೊಂಡು ಐದು ತಿಂಗಳಾಗಿತ್ತು.

ಅಷ್ಟರಲ್ಲಿ ಎದುರುಮನೆಯ ನರ್ಸಮ್ಮ ತಮ್ಮ ಬಿಳಿ ಕೋಟು ಹಿಡಿದು ಒಳಗೆ ಬಂದರು.

"ಏನಮ್ಮ, ಇದು ಹಾಕ್ಕೊಳ್ಳೋಕಾ, ಗೋಡೆಗೆ ತೂಗುಹಾಕೋಕಾ? ಗುಂಡಿ ಇದೆ, ಕಾಜಾನೂ ಇದೆ. ಗುಂಡಿ ತೂರಿಸೋಕೆ ತೂತೇ ಇಲ್ಲ!"

ಅಕ್ಕ ಕೋಟು ತಿರುಗಿಸಿ ನೋಡಿದಳು. ಆರು ಕಾಜಾ. ಸುತ್ತಲಿನ ಹೊಲಿಗೆ ಒಂದಿಷ್ಟೂ ಅಂಕುಡೊಂಕಿಲ್ಲ, ಆದರೆ ನಡುವಿನ ಬಟ್ಟೆಯನ್ನು ಸೀಳಿಯೇ ಇಲ್ಲ. ಅದು ತಂಗಿಯ ಕೈಕೆಲಸ. ಹುಟ್ಟಿನಿಂದ ಕಿವಿ ಕೇಳದ ತಂಗಿಯ ಕಾಜಾದಿಂದಲೇ ಆ ಅಂಗಡಿಗೆ ಹೆಸರು. ಅಮ್ಮ ಹೋದಮೇಲೆ ಅವಳು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಾಳೆ. ಊಟ ಅರ್ಧ, ನಿದ್ದೆ ಕಾಲು. ಯಾರ ಕಡೆಗೂ ಕೈಯೆತ್ತಿ ಒಂದು ಸನ್ನೆ ಮಾಡುವುದಿಲ್ಲ.

"ಡಾಕ್ಟರಿಗೆ ತೋರಿಸ್ದೆ, ಮೈಯಲ್ಲಿ ಏನೂ ಇಲ್ಲ ಅಂದ್ರು," ಎಂದಳು ಅಕ್ಕ. "ಮನಸ್ಸಿನ ಸಮಾಲೋಚಕರ ಹತ್ರಾನೂ ಕರ್ಕೊಂಡು ಹೋಗಿದ್ದೆ. ಅವರು ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಟ್ಟೆ. ಇವಳು ಫ್ಯಾನ್ ನೋಡ್ಕೊಂಡು ಕೂತಿದ್ಲು."

"ಉತ್ತರ ಕೊಟ್ಟೋಳು ನೀನು. ಹಾಗಾದ್ರೆ ಚಿಕಿತ್ಸೆ ಆಗಿದ್ದು ಯಾರಿಗೆ?"

ನರ್ಸಮ್ಮ ಸ್ಟೂಲು ಎಳೆದುಕೊಂಡು ಕೂತರು.

"ಬಣ್ಣ, ಮಣ್ಣು, ಬಟ್ಟೆ, ಕುಣಿತ ಇಂಥದ್ದನ್ನ ಇಟ್ಕೊಂಡು ಮನಸ್ಸಿನ ನೋವಿಗೆ ಚಿಕಿತ್ಸೆ ಕೊಡೋ ಥೆರಪಿಸ್ಟ್‌ಗಳಿದ್ದಾರೆ ಕಣಮ್ಮ. ಅಲ್ಲಿ ಬಾಯಿಮಾತೇ ಆಗ್ಬೇಕು ಅಂತಿಲ್ಲ."

"ಚಿತ್ರ ಬಿಡಿಸಿದ್ರೆ ದುಃಖ ಹೋಗುತ್ತಾ? ಇವಳೇನು ಸಣ್ಣ ಮಗುನಾ? ಅದೂ ಅಲ್ದೆ ಇವಳಿಗೆ ಒಂದು ಬೆಕ್ಕು ಬರೆಯೋಕೂ ಬರಲ್ಲ."

"ಬರಬೇಕಾಗಿಲ್ಲ. ಅದು ಡ್ರಾಯಿಂಗ್ ಕ್ಲಾಸಲ್ಲ, ಯಾರೂ ಮಾರ್ಕ್ಸ್ ಹಾಕಲ್ಲ. ಹಾಗಂತ ಬಣ್ಣದ ಡಬ್ಬಿ ಇಟ್ಕೊಂಡೋರೆಲ್ಲ ಥೆರಪಿಸ್ಟ್ ಆಗಲ್ಲ. ಮೊದಲು ವಿಚಾರಿಸು. ಇದಕ್ಕೇ ಅಂತ ತರಬೇತಿ ಪಡೆದಿದ್ದಾರಾ? ಕಿವಿ ಕೇಳದವರ ಜೊತೆ ಕೆಲಸ ಮಾಡಿದ್ದಾರಾ? ಸನ್ನೆಭಾಷೆ ಬರುತ್ತಾ, ಇಲ್ಲಾ ಬರೋರನ್ನ ಕರೆಸ್ತಾರಾ? ಒಳಗೆ ನಡೆದಿದ್ದು ಗುಟ್ಟಾಗಿರುತ್ತಾ? ಎಲ್ಲಕ್ಕಿಂತ ಮೊದಲು, ಹೋಗೋಕೆ ಇಷ್ಟ ಇದ್ಯಾ ಅಂತ ಅವಳನ್ನೇ ಕೇಳು."

ಅದೊಂದನ್ನು ಮಾತ್ರ ಅಕ್ಕ ಇದುವರೆಗೆ ಕೇಳಿರಲಿಲ್ಲ. ತಂಗಿಯ ಪಕ್ಕ ಮಂಡಿಯೂರಿ, ಭುಜ ತಟ್ಟಿ, ಕೈಸನ್ನೆಯಲ್ಲಿ ಕೇಳಿದಳು. ತಂಗಿ ಬೆರಳೆತ್ತಿ ಉತ್ತರಿಸಿದಳು: "ಬರ್ತೀನಿ. ನೀನು ಒಳಗೆ ಬರಬಾರದು."

ಆ ಷರತ್ತು ಅಕ್ಕನಿಗೆ ಹಿಡಿಸಲಿಲ್ಲ. ಆದರೂ ನರ್ಸಮ್ಮ ಕೊಟ್ಟ ನಂಬರುಗಳಿಗೆ ಫೋನು ಮಾಡಿದಳು. ಮೊದಲನೆಯವರು, "ನೀವೇ ಪಕ್ಕದಲ್ಲಿ ಕೂತು ಹೇಳಿ," ಎಂದರು. ಎರಡನೆಯವರು, "ಅವರಿಗೆ ಯಾವ ರೀತಿ ಮಾತಾಡೋಕೆ ಇಷ್ಟ?" ಎಂದು ಕೇಳಿದರು. ಅಕ್ಕ ಎರಡನೆಯವರನ್ನು ಆರಿಸಿಕೊಂಡಳು.

ಆ ಥೆರಪಿಸ್ಟರ ಬಾಗಿಲಲ್ಲಿ ಕರೆಗಂಟೆಯ ಗುಂಡಿ ಒತ್ತಿದರೆ ಒಳಗೆ ಒಂದು ದೀಪ ಹತ್ತುತ್ತಿತ್ತು. ಮೆಟ್ಟಿಲ ಪಕ್ಕ ಗಾಲಿಕುರ್ಚಿಗೆ ಇಳಿಜಾರು ದಾರಿಯಿತ್ತು. ಅವರು ಹೊರಬಂದು ನೇರವಾಗಿ ತಂಗಿಗೇ ಸನ್ನೆಯಲ್ಲಿ ನಮಸ್ಕಾರ ಹೇಳಿದರು. ಅಭ್ಯಾಸಬಲದಿಂದ ಅಕ್ಕ, "ಅವಳಿಗೆ ಏನಂದ್ರೆ..." ಎಂದು ಬಾಯಿ ಹಾಕಿದಳು. "ಅವರನ್ನೇ ಕೇಳ್ತೀನಿ," ಎಂದು ಥೆರಪಿಸ್ಟ್ ನಕ್ಕು, ತಂಗಿಯನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿಕೊಂಡರು.

ಹೊರಗಿನ ಬೆಂಚಿನಲ್ಲಿ ಕೂತ ಅಕ್ಕನಿಗೆ ಜೋಂಪು ಹತ್ತಿತು. ಕನಸಿನಲ್ಲಿ ಅದೇ ಬಿಸಿಲು, ಅದೇ ಹತ್ತಿಯ ಎಳೆಗಳು. ಅಮ್ಮ ಏನೋ ಹೇಳುತ್ತಿದ್ದಾಳೆ. ತುಟಿ ಅಲ್ಲಾಡುತ್ತಿದೆ, ದನಿಯಿಲ್ಲ. "ಏನಮ್ಮ? ಏನು?" ಎಂದರೆ ಅಮ್ಮ ಬೇರೆ ಯಾರಿಗೋ ಹೇಳಿ ನಗುತ್ತಾಳೆ. ಎಚ್ಚರವಾದಾಗ ಅಕ್ಕನ ಕೆನ್ನೆ ಒದ್ದೆಯಾಗಿತ್ತು.

ವಾರಕ್ಕೊಮ್ಮೆ ಹೋಗಿ ಬಂದರು. ಪ್ರತಿ ಸಲವೂ ಅಕ್ಕ ತಡೆಯಲಾರದೆ, "ಏನಂತೆ?" ಎಂದು ಥೆರಪಿಸ್ಟರನ್ನು ಕೇಳುವಳು. "ಅದು ಅವರ ಮಾತು. ತೋರಿಸ್ಬೇಕು ಅನ್ನಿಸಿದಾಗ ಅವರೇ ತೋರಿಸ್ತಾರೆ," ಎಂಬುದೊಂದೇ ಉತ್ತರ.

ಏಳನೆಯ ವಾರ ತಂಗಿ ಅಂಗಡಿಗೆ ಬಂದವಳೇ ಕತ್ತರಿಸುವ ಮೇಜಿನ ಮೇಲೆ, ಅಲ್ಲಿ ಚೂರುಗಳನ್ನು ಜೋಡಿಸಿ ತಾನು ಹೊಲಿದ ಒಂದು ಚಿತ್ರದ ಬಟ್ಟೆ ಹಾಸಿದಳು. ನಡುವೆ ಬಿಳಿ ತುಂಡಿನ ಹಾಸಿಗೆ, ಅದರಲ್ಲಿ ಅಮ್ಮನ ಹಳೆಯ ಸೀರೆಯ ಚೂರು. ಸುತ್ತಲೂ ಜನ, ಎಲ್ಲರಿಗೂ ಕೆಂಪು ದಾರದ ಬಾಯಿ. ಅಂಚಿನಲ್ಲಿ, ಎಳೆದ ಪರದೆಯ ಆಚೆ, ಒಬ್ಬಳೇ ಒಬ್ಬಳು. ಆ ಪರದೆಯನ್ನು ಎಳೆದು ಹಿಡಿದ ಇನ್ನೊಬ್ಬಳ ಕೊರಳಲ್ಲಿ ಅಳತೆಯ ಟೇಪು.

ಪರದೆಯ ಆಚೆಯವಳು ತಂಗಿ, ಆ ಟೇಪಿನವಳು ತಾನೇ ಎಂದು ಅಕ್ಕನಿಗೆ ಗೊತ್ತಾಯಿತು. ಅಮ್ಮ ಆಸ್ಪತ್ರೆಯಲ್ಲಿದ್ದಾಗ ತಂಗಿಯನ್ನು ಹೊರಗೇ ನಿಲ್ಲಿಸಿ ದಿನಾ, "ಏನಿಲ್ಲ, ಅಮ್ಮ ನಾಳೆ ಎದ್ದು ಕೂರ್ತಾಳೆ," ಎಂದೇ ಹೇಳಿದ್ದಳು. ನೋಯಬಾರದು ಎಂದುಕೊಂಡಿದ್ದಳು. ಈಗ ಕೈಸನ್ನೆಯಲ್ಲಿ ಎಲ್ಲವನ್ನೂ ಹೇಳಿದಳು.

"ಅಮ್ಮ ಕೊನೇಲಿ ನಿನ್ನನ್ನ ಕರಿ ಅಂದ್ಲು. ಚಿಕ್ಕೋಳ ಕಾಜಾ ನೋಡಿ ಕಲಿ, ನಿನ್ನ ಕೈ ಒರಟು ಅಂತ ನನ್ನ ಗೇಲಿ ಮಾಡಿದ್ಲು. ಮತ್ತೆ ನಿನ್ನನ್ನ ಕರಿ ಅಂದ್ಲು. ನಾಳೆ ಕರೀತೀನಿ ಅಂದೆ. ಮಾರನೇ ದಿನ ಅಮ್ಮ ಕಣ್ಣೇ ಬಿಡ್ಲಿಲ್ಲ. ತಪ್ಪಾಯ್ತು ಕಣೇ."

ತಂಗಿ ಅವಳ ಕೈಯನ್ನು ತಳ್ಳಿ ಎದ್ದುಹೋದಳು. ಎರಡು ದಿನ ಅಕ್ಕನ ಮುಖ ನೋಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ಅವಳೇ ಸರಿಮಾಡಲಿ ಎಂದು ನರ್ಸಮ್ಮ ಬಿಟ್ಟುಹೋಗಿದ್ದ ಕೋಟನ್ನು ತೊಡೆಯ ಮೇಲೆ ಹರಡಿಕೊಂಡು, ಬ್ಲೇಡಿನ ತುದಿಯಿಂದ ಆರು ಕಾಜಾಗಳನ್ನೂ ಒಂದೊಂದಾಗಿ ಸೀಳಿದಳು. ಆಮೇಲೆ ಅಕ್ಕನ ಕಡೆ ತಿರುಗಿ ಸನ್ನೆ ಮಾಡಿದಳು: "ಅಮ್ಮ ಇನ್ನೇನು ಹೇಳಿದ್ಲು? ಒಂದೂ ಬಿಡದೆ ಹೇಳು."

ಅಕ್ಕ ಮಿಷನ್ ನಿಲ್ಲಿಸಿ ಅವಳ ಎದುರು ಕೂತಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಮೌನವಾದವರು ಒಬ್ಬರಿರಬಹುದು. ಅವರ ಪರವಾಗಿ ನೀವೇ ಮಾತಾಡಬೇಡಿ. ಅವರಿಗೆ ಒಗ್ಗುವ ಥೆರಪಿಸ್ಟರನ್ನು ಅವರ ಜೊತೆಯಲ್ಲೇ ಹುಡುಕಿ. ತರಬೇತಿ ಕೇಳಿ, ಅನುಭವ ಕೇಳಿ, ಗುಟ್ಟು ಕಾಯುತ್ತಾರಾ ಕೇಳಿ. ಒಬ್ಬರು ಹೊಂದದಿದ್ದರೆ ಇನ್ನೊಬ್ಬರನ್ನು ನೋಡಿ. ಬದುಕೇ ಬೇಡ ಎಂಬ ಸುಳಿವು ಸಿಕ್ಕರೆ ಮಾತ್ರ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಉಳಿದಂತೆ, ಬಾಗಿಲ ಹೊರಗೆ ಒಂದು ಬೆಂಚಿರುತ್ತದೆ. ಅಲ್ಲಿ ಕೂತು ಕಾಯುವುದನ್ನು ಕಲಿಯಿರಿ.